ಕಾರಿನಲ್ಲಿ ಇಡತಕ್ಕ ಪಿಸ್ತೂಲು: ಅಮೆರಿಕದ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಅಮೆರಿಕ ಸಂಯುಕ್ತ ಸಂಸ್ಥಾನದ ನಾನಾ ಕನ್ನಡ ಕೂಟಗಳಲ್ಲಿ ಸೇರಿರುವ ಸೋದರ ಸೋದರಿಯರಲ್ಲಿ ಸವಿನಯ ವಿಜ್ಞಾಪನೆ.

ಮಾನ್ಯ ಬಂಧುಗಳೇ,

ಕೆಲವು ಕಾಲದಿಂದ ನಮ್ಮ ಕೂಟಗಳಲ್ಲಿ, ಯುಗಾದಿಯ ಊಟದ ಪಂಕ್ತಿಯಲ್ಲಾಗಲಿ, ರಾಜ್ಯೋತ್ಸವದ ಸಭೆ ಮುಗಿದ ಮೇಲೆ ಕಾರುಗಳ ಬಳಿ ನಿಂತು ಆಡುವ ಮಾತಿನಲ್ಲಾಗಲಿ, ಹಿಂದೆ ಅಷ್ಟಾಗಿ ಕೇಳಿಬರದಿದ್ದ ಪ್ರಶ್ನೆಯೊಂದು ಮೇಲಿಂದ ಮೇಲೆ ಕೇಳಿಬರುತ್ತಿದೆ: ಕಾರಿನಲ್ಲಿ ಇಟ್ಟುಕೊಳ್ಳುವುದಕ್ಕೆ ಯಾವ ಪಿಸ್ತೂಲು ಒಳ್ಳೆಯದು? ಈ ಪ್ರಶ್ನೆಯನ್ನು ಕೇಳುವವರು ದುಡುಕಿನ ಸ್ವಭಾವದವರಲ್ಲ. ರಾತ್ರಿಯ ಪಾಳಿ ಮುಗಿಸಿ ನಿರ್ಜನವಾದ ಹೆದ್ದಾರಿಯಲ್ಲಿ ಒಬ್ಬರೇ ಮನೆಗೆ ಮರಳುವ ವೈದ್ಯೆಯರು, ಮೋಟೆಲನ್ನೋ ಗ್ಯಾಸ್ ಸ್ಟೇಷನ್ನನ್ನೋ ನಡೆಸಿಕೊಂಡು ದಿನದ ಹಣವನ್ನು ತಾವೇ ಬ್ಯಾಂಕಿಗೆ ಒಯ್ಯುವ ಗೃಹಸ್ಥರು, ಮಕ್ಕಳನ್ನು ಕರೆದುಕೊಂಡು ದೂರಪ್ರಯಾಣ ಮಾಡುವ ತಂದೆತಾಯಿಗಳು, ಇಂಥವರ ಬಾಯಿಂದಲೇ ಅದು ಬರುತ್ತಿದೆ. 2017ರಲ್ಲಿ ಕನ್ಸಾಸ್ ರಾಜ್ಯದ ಒಲೇಥ ಪಟ್ಟಣದಲ್ಲಿ ಭಾರತೀಯ ಎಂಜಿನಿಯರೊಬ್ಬರು ದ್ವೇಷದ ಗುಂಡಿಗೆ ಬಲಿಯಾದಾಗ ನಮ್ಮವರ ಮನಸ್ಸಿನಲ್ಲಿ ಮೂಡಿದ ಭೀತಿಯು, 2025ರ ಸೆಪ್ಟೆಂಬರಿನಲ್ಲಿ ಡಲ್ಲಾಸ್ ನಗರದ ಮೋಟೆಲೊಂದರಲ್ಲಿ ಕರ್ನಾಟಕ ಮೂಲದ ವ್ಯವಸ್ಥಾಪಕರೊಬ್ಬರು ಪತ್ನಿಪುತ್ರರ ಕಣ್ಣೆದುರಿಗೇ ಹತರಾದ ವಾರ್ತೆಯಿಂದ ಇಮ್ಮಡಿಯಾಯಿತು. ಈ ಭೀತಿಗೆ ಕಾರಣವುಂಟು; ಅದನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ.

ನಾನು ಶಸ್ತ್ರದ್ವೇಷಿಯಲ್ಲವೆಂಬುದನ್ನು ಮೊದಲೇ ತಿಳಿಸಬೇಕು. ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾನು ವಿಧಿವತ್ತಾಗಿ ಪರವಾನಗಿ ಪಡೆದು ಕೈಬಂದೂಕನ್ನು ಇಟ್ಟುಕೊಂಡವನು. ಮನೆಯ ರಕ್ಷಣೆಗಾಗಿ ಕೈಬಂದೂಕನ್ನು ಹೊಂದುವುದು ವ್ಯಕ್ತಿಯ ಹಕ್ಕೆಂದು ಈ ದೇಶದ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿಯೂ, ಅದನ್ನು ಮನೆಯ ಹೊರಗೆ ಧರಿಸುವುದೂ ಆ ಹಕ್ಕಿನೊಳಗೇ ಸೇರಿದ್ದೆಂದು 2022ರಲ್ಲಿಯೂ ತೀರ್ಪಿತ್ತಿದೆ. ಆ ತೀರ್ಪುಗಳೊಡನೆ ವಾದ ಹೂಡುವುದು ಈ ಪತ್ರದ ಉದ್ದೇಶವಲ್ಲ. ಇದರ ಉದ್ದೇಶ ಒಂದೇ: ಯಾವ ಪಿಸ್ತೂಲೆಂಬ ಪ್ರಶ್ನೆಗೆ ಮುಂಚೆ ಉತ್ತರ ಕಂಡುಕೊಳ್ಳಬೇಕಾದ ಬೇರೆ ಪ್ರಶ್ನೆಗಳಿವೆ, ಅವುಗಳಿಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡವರಿಗೆ ಕಾರು ಆಯುಧವನ್ನು ಒಯ್ಯಬಲ್ಲುದೇ ಹೊರತು ಕಾಯಲಾರದೆಂಬುದು ತಾನಾಗಿ ಮನದಟ್ಟಾಗುವುದು ಎಂಬ ನನ್ನ ದೃಢವಾದ ಅಭಿಪ್ರಾಯವನ್ನು ನಿಮ್ಮ ಮುಂದಿಡುವುದು.

ಮೊದಲನೆಯ ಪ್ರಶ್ನೆ, ಆಯುಧವನ್ನು ಮುಟ್ಟುವ ಅಧಿಕಾರ ನಿಮಗಿದೆಯೇ ಎಂಬುದು. ನಮ್ಮಲ್ಲಿ ಸಾವಿರಾರು ಮಂದಿ ಎಚ್‌-1ಬಿ, ಎಲ್‌-1, ಎಚ್‌-4, ಎಫ್‌-1 ಮುಂತಾದ ವೀಸಾಗಳ ಮೇಲೆ ಇಲ್ಲಿರುವವರು. ಇವೆಲ್ಲವೂ ವಲಸೆಯೇತರ ವೀಸಾಗಳು. ಇಂಥ ವೀಸಾದ ಮೇಲೆ ಬಂದವನು ಬಂದೂಕನ್ನಾಗಲಿ ತೋಟಾವನ್ನಾಗಲಿ ತನ್ನ ವಶದಲ್ಲಿ ಇಟ್ಟುಕೊಳ್ಳಕೂಡದೆಂಬುದು ಕೇಂದ್ರ ಸರ್ಕಾರದ ಕಾನೂನು. ಬೇಟೆಯ ಪರವಾನಗಿ ಉಳ್ಳವರಿಗೆ ಸಂಬಂಧಿಸಿದಂತೆ ಕೆಲವು ವಿನಾಯಿತಿಗಳಿರುವುದು ನಿಜವಾದರೂ, ಅವುಗಳ ಎಲ್ಲೆಯನ್ನು ವಕೀಲರಿಂದ ಅರಿತುಕೊಳ್ಳದೆ ಅಂಗಡಿಯವನ ಮಾತಿನ ಮೇಲೆ ನಂಬಿ ನಡೆಯುವುದು ಅವಿವೇಕ. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಾನುವರ್ಷ ಕಾಯುತ್ತ ಎಚ್‌-1ಬಿಯಲ್ಲಿಯೇ ಇರುವವರೂ ಈ ನಿಷೇಧಕ್ಕೆ ಒಳಪಟ್ಟವರೇ. ಅದನ್ನು ಮೀರಿದವರಿಗೆ 15 ವರ್ಷಗಳವರೆಗೆ ಕಾರಾಗೃಹವಾಸವನ್ನು ವಿಧಿಸಬಹುದು. ಬಂದೂಕಿಗೆ ಸಂಬಂಧಿಸಿದ ಅಪರಾಧವು ದೇಶದಿಂದ ಗಡೀಪಾರು ಮಾಡುವುದಕ್ಕೂ ಸಾಕಾದ ಕಾರಣವಾಗುತ್ತದೆ. ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು: ಗ್ರೀನ್ ಕಾರ್ಡುಳ್ಳ ಪತಿಯು ನ್ಯಾಯವಾಗಿ ಕೊಂಡು ಕಾರಿನಲ್ಲಿ ಬಿಟ್ಟಿರುವ ಪಿಸ್ತೂಲು, ವೀಸಾದ ಮೇಲಿರುವ ಪತ್ನಿಯು ಅದೇ ಕಾರನ್ನು ತೆಗೆದುಕೊಂಡು ತರಕಾರಿಗೆ ಹೊರಟ ಗಳಿಗೆಯಲ್ಲಿ ಯಾರ ವಶದಲ್ಲಿದೆ? ಕೈಯಲ್ಲಿ ಹಿಡಿಯದಿದ್ದರೂ, ಇದೆಯೆಂದು ತಿಳಿದು ಅದರ ಮೇಲೆ ಹತೋಟಿಯುಳ್ಳವರನ್ನು ವಶದಾರರೆಂದೇ ನ್ಯಾಯಾಲಯಗಳು ಭಾವಿಸುವುದುಂಟು. ಒಂದೇ ಕಾರನ್ನು ಇಬ್ಬರು ಬಳಸುವ ಮನೆಗಳು ಈ ಒಂದು ಸಂಗತಿಯನ್ನು ಮಾತ್ರ ಪರ್ಯಾಲೋಚಿಸಿದರೂ ಸಾಕು, ಆಯುಧವನ್ನು ಕಾರಿನಲ್ಲಿಯೇ ಬಿಡುವ ಯೋಚನೆಯು ಕೈಬಿಟ್ಟುಹೋಗುವುದು.

ಎರಡನೆಯ ಪ್ರಶ್ನೆ, ನಿಮ್ಮ ಕಾರು ಯಾವ ಯಾವ ನೆಲದ ಮೇಲೆ ಓಡತಕ್ಕದ್ದು ಎಂಬುದು. ಮನೆಯು ಒಂದೆಡೆ ಸ್ಥಿರವಾಗಿ ನಿಂತಿರುತ್ತದೆ. ಅದಕ್ಕೆ ಅನ್ವಯಿಸುವ ಕಾನೂನು ಒಂದೇ. ಕಾರಾದರೋ ಒಂದು ದಿನದ ಪ್ರಯಾಣದಲ್ಲಿ ಮೂರು ನಾಲ್ಕು ರಾಜ್ಯಗಳ ಗಡಿಯನ್ನು ದಾಟಬಹುದು, ದಾಟಿದಲ್ಲೆಲ್ಲ ಕಾನೂನು ಬೇರೆಯಾಗುತ್ತದೆ. ಟೆಕ್ಸಾಸ್‌ನಲ್ಲಿ 2007ರಿಂದಲೇ ಜನರು ತಮ್ಮ ಸ್ವಂತ ವಾಹನದಲ್ಲಿ ಕೈಬಂದೂಕನ್ನು ಕಣ್ಣಿಗೆ ಕಾಣದಂತೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾಗಿತ್ತು. 2021ರ ಸೆಪ್ಟೆಂಬರಿನಿಂದ, 21 ವರ್ಷ ತುಂಬಿ ಬೇರೆ ನಿರ್ಬಂಧವಿಲ್ಲದವರು ಅದನ್ನು ಪರವಾನಗಿಯಿಲ್ಲದೆಯೇ ಮೈಮೇಲೆ ಧರಿಸಿ ತಿರುಗಲೂಬಹುದು. ಕ್ಯಾಲಿಫೋರ್ನಿಯದಲ್ಲಿ ಧರಿಸುವ ಪರವಾನಗಿಯಿಲ್ಲದವನು ಗುಂಡು ತೆಗೆದ ಪಿಸ್ತೂಲನ್ನು ಡಿಕ್ಕಿಯಲ್ಲಿಯೋ ಬೀಗ ಹಾಕಿದ ಪೆಟ್ಟಿಗೆಯಲ್ಲಿಯೋ ಒಯ್ಯಬೇಕು, ಮುಂದಿನ ಸೀಟಿನ ಎದುರಿಗಿರುವ ಗ್ಲವ್ ಬಾಕ್ಸ್ ಬೀಗವುಳ್ಳದ್ದಾದರೂ ಅದು ಪೆಟ್ಟಿಗೆಯೆಂದು ಎಣಿಕೆಗೆ ಬಾರದು. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಮಾರುವ 15 ಗುಂಡುಗಳ ಮ್ಯಾಗಝೀನ್ ನ್ಯೂಜೆರ್ಸಿಯಲ್ಲಿ ನಿಷಿದ್ಧ. ಅಲ್ಲಿ 10 ಗುಂಡುಗಳೇ ಮಿತಿ. 1986ರ ಕೇಂದ್ರ ಕಾನೂನೊಂದು ರಾಜ್ಯದಿಂದ ರಾಜ್ಯಕ್ಕೆ ಹಾದುಹೋಗುವ ಪ್ರಯಾಣಿಕನಿಗೆ ಅಭಯವೀಯುತ್ತದೆ, ನಿಜ. ಆದರೆ ಹೊರಡುವಲ್ಲಿಯೂ ಸೇರುವಲ್ಲಿಯೂ ಆಯುಧವು ನ್ಯಾಯಸಮ್ಮತವಾಗಿರಬೇಕು, ಅದರಲ್ಲಿ ಗುಂಡು ತುಂಬಿರಕೂಡದು, ಕುಳಿತಲ್ಲಿಂದ ಕೈಗೆ ಎಟಕುವಂತೆ ಇರಕೂಡದು ಎಂಬ ಷರತ್ತುಗಳನ್ನು ಪಾಲಿಸಿದವನಿಗೆ ಮಾತ್ರ ಆ ಅಭಯ. ಗಂಡಾಂತರದ ವೇಳೆಯಲ್ಲಿ ಥಟ್ಟನೆ ಕೈಗೆ ಸಿಗಬೇಕೆಂದು ಇಟ್ಟುಕೊಂಡ ಪಿಸ್ತೂಲಿಗೂ ಈ ಷರತ್ತುಗಳಿಗೂ ಹೊಂದಿಕೆಯೇ ಇಲ್ಲವೆಂಬುದನ್ನು ನೀವೇ ಕಾಣಬಹುದು.

ಇದಕ್ಕಿಂತ ಹತ್ತಿರದ್ದು ಮಕ್ಕಳ ಶಾಲೆಯ ಪ್ರಶ್ನೆ. ಶಾಲೆಯಿಂದ 1,000 ಅಡಿಗಳೊಳಗೆ ಬಂದೂಕನ್ನು ತರಕೂಡದೆಂಬ ಕೇಂದ್ರ ಕಾನೂನು 1990ರಲ್ಲಿ ಹುಟ್ಟಿ, 1995ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ರದ್ದಾಗಿ, 1996ರಲ್ಲಿ ತಿದ್ದುಪಡಿಯೊಡನೆ ಮತ್ತೆ ಜಾರಿಗೆ ಬಂದಿತು. ರಾಜ್ಯವು ಪರಿಶೀಲಿಸಿ ಕೊಟ್ಟ ಪರವಾನಗಿ ಉಳ್ಳವರಿಗೂ, ಗುಂಡು ತೆಗೆದು ಬೀಗದ ಪೆಟ್ಟಿಗೆಯಲ್ಲಿ ಇಟ್ಟವರಿಗೂ ಅದರಿಂದ ವಿನಾಯಿತಿಯುಂಟು. ಪರವಾನಗಿಯೇ ಬೇಡವೆನ್ನುವ ರಾಜ್ಯದಲ್ಲಿ ಪರವಾನಗಿ ಪಡೆಯದೆ ಗುಂಡು ತುಂಬಿದ ಪಿಸ್ತೂಲನ್ನು ಕಾರಿನಲ್ಲಿ ಇಟ್ಟುಕೊಂಡವರು ಈ ಎರಡು ಬಗೆಯಲ್ಲಿಯೂ ಸೇರುವುದಿಲ್ಲ. ಬೆಳಗ್ಗೆ ಮಗುವನ್ನು ಶಾಲೆಗೆ ಬಿಡುವುದಕ್ಕೆ ಹೋದಾಗಲೆಲ್ಲ ಅವರು ತಿಳಿಯದೆಯೇ ಕೇಂದ್ರ ಕಾನೂನನ್ನು ಮುರಿಯುತ್ತಿರುತ್ತಾರೆ. ಆದುದರಿಂದ, ರಾಜ್ಯವು ಕಡ್ಡಾಯ ಮಾಡದಿದ್ದರೂ ತರಗತಿಗೆ ಕುಳಿತು, ಗುರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆಯತಕ್ಕದ್ದೆಂಬುದು ನನ್ನ ಸಲಹೆ.

ಈ ಎರಡು ಪ್ರಶ್ನೆಗಳನ್ನು ದಾಟಿಬಂದವರು ಈಗ ಆಯುಧದ ಆಯ್ಕೆಯ ಮಾತನ್ನು ಎತ್ತಬಹುದು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಎರಡು ಜಾತಿಯವನ್ನು ತೋರಿಸುತ್ತಾರೆ. ಒಂದು ರಿವಾಲ್ವರು: ಸ್ಮಿತ್ ಅಂಡ್ ವೆಸನ್ ಕಂಪನಿಯ 642 ಎಂಬ ಮಾದರಿಯಂತೆ .38 ಸ್ಪೆಷಲ್ ತೋಟಾ ಐದನ್ನು ಹಿಡಿಯುವ, ಅರ್ಧ ಕಿಲೋಗ್ರಾಮಿಗೂ ಕಡಮೆ ತೂಕದ ಪುಟ್ಟ ಆಯುಧ. ಅದರ ರಚನೆ ಸರಳ, ಟ್ರಿಗರ್ ಉದ್ದವೂ ಬಿಗಿಯೂ ಆದದ್ದು. ಅರಿಯದೆ ತಾಕಿದ ಬೆರಳಿಗೆ ಸುಲಭವಾಗಿ ಮಣಿಯದೆಂಬುದು ಅದರ ಗುಣ. ಆದರೆ ಹಗುರವಾದಷ್ಟೂ ಅದರ ಒದೆತ ಹೆಚ್ಚು, ನಳಿಗೆ ಗಿಡ್ಡವಾದಷ್ಟೂ ಗುರಿ ಕಷ್ಟ. ಹೊಸಬರಿಗೆ ಅತಿ ಸುಲಭವೆಂದು ಮಾರುವ ಈ ಆಯುಧವೇ ನಿಜಕ್ಕೂ ಬಹಳ ಅಭ್ಯಾಸವನ್ನು ಬೇಡುತ್ತದೆ. ಇನ್ನೊಂದು, ಮ್ಯಾಗಝೀನ್ ಉಳ್ಳ 9 ಮಿಲಿಮೀಟರಿನ ಪಿಸ್ತೂಲು: 1980ರ ದಶಕದಲ್ಲಿ ಆಸ್ಟ್ರಿಯದ ಗ್ಲಾಕ್ ಕಂಪನಿಯು ಹೊರತಂದ 15 ಗುಂಡುಗಳ ಗ್ಲಾಕ್ 19, 2018ರಲ್ಲಿ ಬಂದ 10 ಗುಂಡುಗಳ ಪುಟ್ಟ ಸಿಗ್ ಪಿ365 ಮುಂತಾದವು. ಇವು ಹಿಡಿತಕ್ಕೆ ಅನುಕೂಲ, ಗುರಿಗೆ ಅನುಕೂಲ, ತೋಟಾ ಎಲ್ಲೆಡೆ ಸಿಗುತ್ತದೆ. ಆದರೆ ಗ್ಲಾಕಿನಂಥ ಪಿಸ್ತೂಲಿಗೆ ಬೆರಳಿನಿಂದ ತಿರುಗಿಸುವ ಪ್ರತ್ಯೇಕವಾದ ಸುರಕ್ಷೆಯ ಕೀಲಿಲ್ಲ. ಟ್ರಿಗರನ್ನು ಪೂರ್ತಿಯಾಗಿ ಮುಚ್ಚುವ ಗಟ್ಟಿಯಾದ ಒರೆಯೇ ಅದರ ಸುರಕ್ಷೆ. ಒರೆಯಿಲ್ಲದೆ ಸೀಟಿನ ಕೆಳಗೋ ಕೈಚೀಲದೊಳಗೋ ಎಸೆದಿಟ್ಟ ಇಂಥ ಪಿಸ್ತೂಲು, ಬೀಗದ ಕೈಯೋ ಲೇಖನಿಯೋ ಟ್ರಿಗರಿಗೆ ತೊಡರಿದರೂ ಸಿಡಿಯಬಹುದಾದ ವಸ್ತು.

ಹಾಗಾದರೆ ಯಾವುದನ್ನು ಆರಿಸಬೇಕು? ಗುರಿ ಅಭ್ಯಾಸದ ಶಾಲೆಗಳಲ್ಲಿ ಬಾಡಿಗೆಗೆ ಹಲವು ಮಾದರಿಗಳು ದೊರೆಯುತ್ತವೆ. ಅವುಗಳಲ್ಲಿ ನಾಲ್ಕಾರನ್ನು ಬೋಧಕರ ಸಮ್ಮುಖದಲ್ಲಿ ಹಾರಿಸಿ ನೋಡಿ, ನಿಮ್ಮ ಅಂಗೈಗೆ ಹೊಂದುವಂಥದೂ, ಅಂಜಿಕೆಯಿಲ್ಲದೆ ಗುಂಡು ತುಂಬಿ ತೆಗೆಯಲು ಬರುವಂಥದೂ, ನೆಟ್ಟ ಗುರಿಗೆ ಮತ್ತೆ ಮತ್ತೆ ತಾಕುವಂಥದೂ ಯಾವುದೋ ಅದೇ ನಿಮಗೆ ತಕ್ಕದ್ದು. ಕಾರಿಗಾಗಿಯೇ ಬೇರೊಂದು ಪಿಸ್ತೂಲು ಬೇಕೆಂಬ ಮಾತನ್ನು ಮಾತ್ರ ಒಪ್ಪಬೇಡಿ. ಅಗ್ಗದ್ದೊಂದನ್ನು ಕೊಂಡು ಕಾರಿನಲ್ಲಿ ಹಾಕಿಬಿಟ್ಟರಾಯಿತು, ಕಳುವಾದರೂ ದೊಡ್ಡ ನಷ್ಟವಿಲ್ಲ ಎನ್ನುವವರನ್ನು ನಾನು ಕಂಡಿದ್ದೇನೆ. ಕಳುವಾದ ಪಿಸ್ತೂಲಿನ ನಷ್ಟವನ್ನು ತೆರುವವನು ಅದರ ಒಡೆಯನಲ್ಲವೆಂಬುದು ಅವರಿಗೆ ಹೊಳೆದಿರುವುದಿಲ್ಲ.

ಆ ನಷ್ಟ ಎಂಥದೆಂಬುದಕ್ಕೆ ಒಂದು ನಿದರ್ಶನ ಸಾಕು. 2015ರ ಜೂನ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಬೀದಿಯಲ್ಲಿ ನಿಲ್ಲಿಸಿದ್ದ ಕಾರೊಂದರಿಂದ ಕೇಂದ್ರ ಸರ್ಕಾರದ ಭೂಇಲಾಖೆಯ ರೇಂಜರ್ ಒಬ್ಬನ ಪಿಸ್ತೂಲು ಕಳುವಾಯಿತು. ಆತ ಆಯುಧವಿದ್ಯೆಯಲ್ಲಿ ತರಬೇತಿ ಪಡೆದ ಅಧಿಕಾರಿ. ನಾಲ್ಕು ದಿನಗಳ ತರುವಾಯ, ಜುಲೈ 1ರಂದು, ಅದೇ ಪಿಸ್ತೂಲಿನಿಂದ ಹಾರಿದ ಗುಂಡು ನೆಲಕ್ಕೆ ತಾಕಿ ಪುಟಿದು, ಕಡಲದಂಡೆಯ ಕಟ್ಟೆಯ ಮೇಲೆ ತಂದೆಯೊಡನೆ ನಡೆಯುತ್ತಿದ್ದ 32 ವಯಸ್ಸಿನ ತರುಣಿಯೊಬ್ಬಳ ಪ್ರಾಣವನ್ನು ತೆಗೆಯಿತು. ಅಮೆರಿಕದ ನೂರಾರು ನಗರಗಳ ಪೊಲೀಸ್ ದಾಖಲೆಗಳನ್ನು ಪರಿಶೀಲಿಸಿ ಮಾಡಿದ ಲೆಕ್ಕದಲ್ಲಿ, 2022ರಲ್ಲಿ ಕಳುವಾದ ಬಂದೂಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ವಾಹನಗಳಿಂದಲೇ ಹೋದಂಥವು. ಕಳ್ಳನಿಗೆ ಕಾರಿನ ಗಾಜು ಕೆಲವು ಕ್ಷಣಗಳ ಕೆಲಸ. ಹಿಂಬದಿಯ ಗಾಜಿಗೆ ಬಂದೂಕು ಕಂಪನಿಯ ಚೀಟಿಯನ್ನು ಅಂಟಿಸಿಕೊಂಡು ತಿರುಗುವ ಒಡೆಯನಂತೂ, ತೆರೆದಿಟ್ಟ ಜೇನುಗೂಡಿನಂತೆ, ಕಳ್ಳನನ್ನು ತಾನೇ ಕರೆದ ಹಾಗೆ. ಕಾರಿನ ಬಾಗಿಲಿಗೆ ಬೀಗ ಹಾಕಿದ್ದೇನೆಂದು ನೆಮ್ಮದಿಯಿಂದ ಮಲಗುವವರು ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕಳ್ಳನಿಗಿಂತ ಹತ್ತಿರದಲ್ಲಿರುವವರು ನಮ್ಮ ಮಕ್ಕಳು. 2016ರ ಮಾರ್ಚಿನಲ್ಲಿ ಫ್ಲಾರಿಡದಲ್ಲಿ ವಾಹನ ನಡೆಸುತ್ತಿದ್ದ ತಾಯಿಯೊಬ್ಬಳ ಬೆನ್ನಿಗೆ, ಹಿಂದಿನ ಸೀಟಿನಲ್ಲಿದ್ದ ನಾಲ್ಕು ವರ್ಷದ ಮಗನ ಕೈಗೆ ಸಿಕ್ಕಿದ ಪಿಸ್ತೂಲಿನ ಗುಂಡು ಸೀಟನ್ನು ಭೇದಿಸಿಕೊಂಡು ಬಂದು ತಾಕಿತು. ದೈವಕೃಪೆಯಿಂದ ಆಕೆ ಉಳಿದಳು. ಮರುತಿಂಗಳು ವಿಸ್ಕಾನ್ಸಿನ್ನಿನ ಮಿಲ್ವಾಕಿಯ ಹೆದ್ದಾರಿಯಲ್ಲಿ, ಸೀಟಿನಡಿಯಿಂದ ಹಿಂದಕ್ಕೆ ಜಾರಿದ ಪಿಸ್ತೂಲನ್ನು ಎರಡು ವರ್ಷದ ಮಗುವೊಂದು ಎತ್ತಿಕೊಂಡಾಗ ಕಾರು ನಡೆಸುತ್ತಿದ್ದ ತಾಯಿ ಉಳಿಯಲಿಲ್ಲ. ಎರಡು ಪ್ರಸಂಗಗಳಲ್ಲಿಯೂ ಕ್ರೂರಿಗಳು ಯಾರೂ ಇಲ್ಲ, ಶತ್ರುಗಳು ಯಾರೂ ಇಲ್ಲ. ಬ್ರೇಕು ಒತ್ತಿದಾಗ, ತಿರುವಿನಲ್ಲಿ ಹೊರಳಿದಾಗ, ಕಾರಿನಲ್ಲಿ ಸಡಿಲವಾಗಿ ಇಟ್ಟದ್ದೆಲ್ಲ ಜಾರುತ್ತದೆಂಬ ಸಾಮಾನ್ಯವಾದ ಸತ್ಯವೊಂದೇ ಇದೆ. ಗುಂಡು ತುಂಬಿದ ಬಂದೂಕು 17 ವರ್ಷದೊಳಗಿನ ಮಗುವಿನ ಕೈಗೆ ಸಿಗುವಂತೆ ಅಜಾಗರೂಕತೆಯಿಂದ ಬಿಟ್ಟವರನ್ನು ಉದಾರವೆನಿಸಿದ ಟೆಕ್ಸಾಸ್‌ನ ಕಾನೂನೂ ಶಿಕ್ಷಿಸುತ್ತದೆ. ಆದರೆ ಅಂಥ ತಂದೆತಾಯಿಗಳಿಗೆ ಯಾವ ನ್ಯಾಯಾಲಯ ವಿಧಿಸುವ ಶಿಕ್ಷೆ ತಾನೇ ದೊಡ್ಡದಾದೀತು?

ಗ್ಲವ್ ಬಾಕ್ಸಿನ ವಿಷಯದಲ್ಲಿಯೂ ಒಂದು ಮಾತು. ನಮ್ಮಲ್ಲಿ ಬಹುಮಂದಿ ಕಾರಿನ ನೋಂದಣಿಯ ಕಾಗದವನ್ನೂ ವಿಮೆಯ ಚೀಟಿಯನ್ನೂ ಅದರಲ್ಲಿಯೇ ಇಡುತ್ತಾರೆ. ಪಿಸ್ತೂಲಿಗೂ ಅದೇ ಜಾಗವೆಂದು ಭಾವಿಸುತ್ತಾರೆ. ಪೊಲೀಸನು ಕಾರನ್ನು ನಿಲ್ಲಿಸಿ ಕಾಗದ ಕೇಳಿದಾಗ, ಪಿಸ್ತೂಲಿರುವ ಪೆಟ್ಟಿಗೆಯ ಕಡೆಗೆ ನಿಮ್ಮ ಕೈ ಚಾಚಿದರೆ ಏನಾಗಬಹುದೆಂಬುದನ್ನು ಊಹಿಸಿಕೊಳ್ಳಿ. 2016ರ ಜುಲೈಯಲ್ಲಿ ಮಿನೆಸೋಟದಲ್ಲಿ, ಪರವಾನಗಿಯುಳ್ಳ ಚಾಲಕನೊಬ್ಬನು ತನ್ನಲ್ಲಿ ಆಯುಧವಿದೆಯೆಂದು ಪೊಲೀಸನಿಗೆ ಮರ್ಯಾದೆಯಿಂದಲೇ ತಿಳಿಸಿದ ಕೆಲವೇ ಕ್ಷಣಗಳಲ್ಲಿ ಗುಂಡಿಗೆ ಬಲಿಯಾದನು. ಹಾರಿಸಿದ ಪೊಲೀಸನನ್ನು ಮರುವರ್ಷ ಜ್ಯೂರಿಯು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಕಾಗದಪತ್ರಗಳೂ ಆಯುಧವೂ ಎಂದೂ ಒಂದೆಡೆ ಇರಕೂಡದು. ಎರಡು ಕೈಗಳೂ ಚಕ್ರದ ಮೇಲೆ ಕಾಣುವಂತಿರಬೇಕು. ಕೇಳದೆ ಯಾವುದಕ್ಕೂ ಕೈ ಚಾಚಕೂಡದು. ಆಯುಧವಿರುವುದನ್ನು ತಾವಾಗಿಯೇ ಮೊದಲು ತಿಳಿಸಬೇಕೆಂದು ಕೆಲವು ರಾಜ್ಯಗಳ ಕಾನೂನು ವಿಧಿಸುತ್ತದೆ. ನಿಮ್ಮ ರಾಜ್ಯದ್ದನ್ನು ತಿಳಿದುಕೊಂಡಿರಿ.

ಇನ್ನು, ಕಾರಿನೊಳಗೆ ಕುಳಿತವನಿಗೆ ಪಿಸ್ತೂಲಿನಿಂದ ಒದಗುವ ಸಹಾಯವೆಷ್ಟು? ಸೊಂಟದ ಒರೆಗೂ ಕೈಗೂ ನಡುವೆ ಸೀಟ್ ಬೆಲ್ಟ್ ಇರುತ್ತದೆ. ಓರೆಯಾಗಿ ಕೂಡಿಸಿದ ಮುಂಗಾಜು ಗುಂಡಿನ ಹಾದಿಯನ್ನು ಬದಲಿಸುತ್ತದೆ. ಸುಮಾರು 140 ಡೆಸಿಬೆಲ್ ಮೀರಿದ ಒಂದೇ ಸಿಡಿತವು ಕಿವಿಗೆ ಶಾಶ್ವತವಾದ ಹಾನಿಯನ್ನು ಮಾಡಬಲ್ಲದು, ಪಿಸ್ತೂಲಿನ ಶಬ್ದ ಅದನ್ನು ಮೀರಿದ್ದು. ಮುಚ್ಚಿದ ಕಾರಿನಲ್ಲಿ ಪಕ್ಕದಲ್ಲಿಯೇ ಕುಳಿತ ಮಗುವಿನ ಗತಿಯನ್ನು ಯೋಚಿಸಿ. ಇವೆಲ್ಲಕ್ಕಿಂತ ಮಿಗಿಲಾದ ಸಂಗತಿಯೆಂದರೆ, ಓಡುವ ಸ್ಥಿತಿಯಲ್ಲಿರುವ ಕಾರೇ ಅದರೊಳಗಿನವನಿಗೆ ದೊರೆತಿರುವ ಅತ್ಯುತ್ತಮ ರಕ್ಷಣೆ. ಮುಂದಿನ ವಾಹನದ ಹಿಂಗಾಲಿಗಳು ನೆಲ ಮುಟ್ಟಿರುವುದು ಕಾಣುವಷ್ಟು ಅಂತರವನ್ನು ಬಿಟ್ಟು ನಿಲ್ಲಿಸುವುದು, ಬಾಗಿಲುಗಳಿಗೆ ಬೀಗ ಹಾಕಿಕೊಂಡಿರುವುದು, ಹಿಂಬಾಲಿಸಿದವನಿದ್ದರೆ ಮನೆಗೆ ಹೋಗದೆ ಪೊಲೀಸ್ ಠಾಣೆಯ ಕಡೆಗೆ ತಿರುಗಿ 911ಕ್ಕೆ ಕರೆ ಮಾಡುವುದು, ರಸ್ತೆಯಲ್ಲಿ ಬಯ್ದವನಿಗೆ ಮರುಮಾತಾಡದೆ ದಾರಿ ಬಿಡುವುದು, ಇವು ಹಣ ಕೊಟ್ಟು ಕೊಳ್ಳಬೇಕಾದುವಲ್ಲ, ಪ್ರತಿದಿನವೂ ಉಪಯೋಗಕ್ಕೆ ಬರತಕ್ಕವು. ಕೈಯಳತೆಯಲ್ಲಿ ಪಿಸ್ತೂಲಿದೆಯೆಂಬ ಅರಿವು ದಾರಿ ಬಿಡುವ ವಿವೇಕವನ್ನು ಕೆಲವರಲ್ಲಿ ಕುಗ್ಗಿಸುತ್ತದೆ. ಕ್ಷಣಕಾಲದ ರಸ್ತೆಜಗಳ ಆಜೀವ ಪಶ್ಚಾತ್ತಾಪವಾಗಿ ಪರಿಣಮಿಸುವುದು ಹೀಗೆಯೇ.

ಆದುದರಿಂದ ನನ್ನ ನಿರ್ಣಯ ಇಷ್ಟು. ಪರವಾನಗಿಯುಳ್ಳವರು ಆಯುಧವನ್ನು ಒಯ್ಯಬೇಕೆಂದರೆ, ಗಟ್ಟಿಯಾದ ಒರೆಯಲ್ಲಿ ಮೈಮೇಲೆ ಧರಿಸಿ ಒಯ್ಯಲಿ. ಅವರು ಇಳಿದಾಗ ಅದೂ ಇಳಿಯಲಿ. ಆಯುಧಕ್ಕೆ ಪ್ರವೇಶವಿಲ್ಲದ ಕಡೆಗೆ ಹೋಗಬೇಕಾದರೆ, ಉಕ್ಕಿನ ಹಗ್ಗದಿಂದ ಸೀಟಿನ ಚೌಕಟ್ಟಿಗೆ ಬಿಗಿದ, ಬೀಗವುಳ್ಳ ಉಕ್ಕಿನ ಪೆಟ್ಟಿಗೆಯೊಂದು ಕಾರಿನಲ್ಲಿರಲಿ. ಹೊರಗಿನವರಿಗೆ ಕಾಣದಂತೆ, ಮತ್ತು ಸೇರಬೇಕಾದ ಸ್ಥಳಕ್ಕೆ ಮುಂಚೆಯೇ, ಪಿಸ್ತೂಲನ್ನು ಅದರಲ್ಲಿ ಇಟ್ಟು ಬೀಗ ಹಾಕಿರಿ. ಫ್ಲಾರಿಡದ 2008ರ ಕಾನೂನೂ ಟೆಕ್ಸಾಸ್‌ನ 2011ರ ಕಾನೂನೂ ಕಚೇರಿಯ ಕಾರುನಿಲ್ದಾಣದಲ್ಲಿ ನಿಂತ ನೌಕರನ ಕಾರಿನಲ್ಲಿ ಆಯುಧವಿರಲು ಅವಕಾಶವಿತ್ತಿವೆಯಾದರೂ, ಆ ಅವಕಾಶವು ಕೆಲವು ಗಂಟೆಗಳ ಅನಿವಾರ್ಯಕ್ಕೆ ಮಾತ್ರ ಸಲ್ಲಲಿ. ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇರುವ ದಿನ ಮುಚ್ಚಿದ ಕಾರಿನ ಒಳಗೆ ಶಾಖವು ಒಂದು ಗಂಟೆಯೊಳಗೆ 50 ಡಿಗ್ರಿಯನ್ನು ಮೀರುವುದುಂಟು. ತಂಪಾದ ಒಣ ಜಾಗದಲ್ಲಿ ಇರಬೇಕಾದ ತೋಟಾಗಳಿಗೂ ಅದು ವಾಸಸ್ಥಾನವಲ್ಲ. ರಾತ್ರಿ ಯಾವ ಕಾರಣಕ್ಕೂ ಪಿಸ್ತೂಲು ಕಾರಿನಲ್ಲಿ ಉಳಿಯಕೂಡದು. ಉಕ್ಕಿನ ಪೆಟ್ಟಿಗೆಗೆ ಹಣವಿಲ್ಲದವನು ಪಿಸ್ತೂಲಿಗೂ ಹಣ ಹಾಕದಿರುವುದು ಲೇಸು. ಮೊದಲು ಕೊಳ್ಳತಕ್ಕದ್ದು ಪೆಟ್ಟಿಗೆ, ಆಮೇಲೆ ಪಿಸ್ತೂಲು.

ಆಯುಧದ ಮರ್ಯಾದೆ ನಮ್ಮ ನಾಡಿಗೆ ಹೊಸತಲ್ಲ. ಕೊಡವ ಬಂಧುಗಳಿಗೆ ಕೋವಿಯ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ಇರುವ ಪರವಾನಗಿಯ ವಿನಾಯಿತಿಯನ್ನು ಭಾರತ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಕೈಲ್‌ಪೊಳ್ದಿನ ಹಬ್ಬದಲ್ಲಿ ಅವರು ಕೋವಿಗೆ ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಬೇಸಾಯದ ಕಾಲದಲ್ಲಿ ಆಯುಧಗಳನ್ನು ಮನೆಯ ಪೂಜಾಸ್ಥಾನವಾದ ಕನ್ನಿ ಕೊಂಬರೆಯಲ್ಲಿ ಇಟ್ಟು, ಹಬ್ಬದ ದಿನ ಹೊರಗೆ ತೆಗೆಯುವುದು ಅವರ ಪೂರ್ವಾಚಾರ. ಕೋವಿಯೊಡನೆ ತಲೆಮಾರುಗಳಿಂದ ಬಾಳಿದ ಜನವು ಅದಕ್ಕೊಂದು ಸ್ಥಾನವನ್ನೂ ಅದಕ್ಕೊಬ್ಬ ಹೊಣೆಗಾರನನ್ನೂ ಗೊತ್ತುಮಾಡಿತು. ಹೊಸದಾಗಿ ಆಯುಧವನ್ನು ಕೈಗೆ ತೆಗೆದುಕೊಳ್ಳುವ ನಮಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಕೊನೆಯದಾಗಿ ಕೂಟಗಳ ಪದಾಧಿಕಾರಿಗಳಲ್ಲಿ ಒಂದು ಪ್ರಾರ್ಥನೆ. ತೆರಿಗೆಯ ವಿಷಯಕ್ಕೂ ವಿಮೆಯ ವಿಷಯಕ್ಕೂ ತಜ್ಞರನ್ನು ಕರೆಸಿ ಉಪನ್ಯಾಸ ಮಾಡಿಸುವ ನೀವು, ವರ್ಷಕ್ಕೆ ಒಂದು ಸಾರಿಯಾದರೂ ವಲಸೆ ಕಾನೂನು ಬಲ್ಲ ವಕೀಲರೊಬ್ಬರನ್ನೂ ಆಯುಧಸುರಕ್ಷೆಯ ಬೋಧಕರೊಬ್ಬರನ್ನೂ ಕರೆಸಿ ಈ ವಿಷಯವನ್ನು ಬಹಿರಂಗವಾಗಿ ಚರ್ಚೆಗೆ ತನ್ನಿ. ಮಕ್ಕಳನ್ನು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ, ಒಬ್ಬರ ಕಾರಿನಲ್ಲಿ ಇನ್ನೊಬ್ಬರು ಕಳುಹಿಸುವ ನಾವು, ಆಯುಧವಿದೆಯೇ, ಇದ್ದರೆ ಬೀಗದಲ್ಲಿದೆಯೇ ಎಂದು ಪರಸ್ಪರ ಕೇಳುವುದನ್ನೂ ಕೇಳಿದಾಗ ಬೇಸರಿಸದೆ ಉತ್ತರಿಸುವುದನ್ನೂ ರೂಢಿಗೆ ತರೋಣ. ಈಗಾಗಲೇ ಕಾರಿನಲ್ಲಿ ಪಿಸ್ತೂಲನ್ನು ಇಟ್ಟಿರುವವರು ಈ ಪತ್ರವನ್ನು ಓದಿ ಮುಗಿಸಿದೊಡನೆ ಎದ್ದುಹೋಗಿ ಅದನ್ನು ಮನೆಯೊಳಗಿನ ಬೀಗದ ಪೆಟ್ಟಿಗೆಗೆ ತನ್ನಿರೆಂದು ಕೈಮುಗಿದು ಬೇಡುತ್ತೇನೆ.

ಇಂತು ನಿಮ್ಮ ಹಿತಾಕಾಂಕ್ಷಿ,
ಟೆಕ್ಸಾಸ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ